ಕುಂಜುಮ್ ಮ್ಯಾಲ ನಿಂತಾಗ ನಿಮ್ಮೂರು ನೆನಪಾತು

ಇಂಡಿ

ಪ್ರೀತಿಯ ದೋಸ್ತ,

ಹಿಮಾಚಲದ ಸ್ಪಿತಿಯಿಂದ ಬಂದು ಎಂಟು ದಿನಾ ಆತು. "ಬೋಳ ಗುಡ್ಡಾ ನೋಡಾಕ ಅಷ್ಟು ದೂರ ಯಾಕ ಹೋದಿ? ನಿಮ್ಮ ಇಂಡ್ಯಾಗ ಒಣಭೂಮಿ ಕಡಿಮಿ ಐತೇನು?" ಅಂತ ನೀ ಕೇಳಿದ್ದ್ಯಲ್ಲ. ಫೋನಿನ್ಯಾಗ ಹೇಳಾಕ ಆಗಲಿಲ್ಲ, ಅದಕ್ಕ ಬರೀತೀನಿ.

ಮನಾಲ್ಯಾಗ ದೇವದಾರು ಮರ, ಜಿಟಿಜಿಟಿ ಮಳಿ. 9 ಕಿಲೋಮೀಟರಿನ ಅಟಲ್ ಸುರಂಗ ದಾಟಿದ್ವಿ ನೋಡು, ಆಚಿ ಕಡೆ ಮುಗಲು ನಿಚ್ಚಳ. ಮುಂದ ಹೋದಂಗೆಲ್ಲಾ ಮರಾನೂ ಇಲ್ಲ. ಮುಂಗಾರಿನ ಮೋಡ ಆ ಸುರಂಗದ ಮ್ಯಾಲಿನ ಪೀರ್ ಪಂಜಾಲ್ ಗುಡ್ಡದ ಸಾಲು ಏರೂದರಾಗ ಇದ್ದ ನೀರೆಲ್ಲಾ ತೆಂಕಣ ಮಗ್ಗಲಿಗೇ ಸುರುವಿ ಖಾಲಿ ಆಗತೈತಿ. ನಿಮ್ಮ ಖಾನಾಪುರ ಘಟ್ಟಕ್ಕ ಹೊಯ್ದು, ನಮ್ಮ ಕಡೆ ಬರೂದರಾಗ ಬರಿಗೈ ಆಗತೈತಲ್ಲಾ, ಥೇಟ್ ಹಂಗ. ಅಲ್ಲಿಯ ರೈತ್ರು ಮಳಿ ಹಾದಿ ಕಾಯಂಗಿಲ್ಲ. ಮ್ಯಾಲ ಕರಗಿದ ಬರ್ಫದ ನೀರನ್ನ ಸಣ್ಣ ಕಾಲುವಿ ತೋಡಿ ಇಳಸ್ತಾರ. 'ಕೂಲ್' ಅಂತಾರ ಅದಕ್ಕ. ಅದರ ಮ್ಯಾಲೇ ಜವೆಗೋದಿ, ವಟಾಣಿ. ವರ್ಷಕ್ಕ ಒಂದ ಬೆಳಿ.

ಗ್ರಾಂಫೂ ಮುಂದ ಹಳ್ಳ ರಸ್ತಾದ ಮ್ಯಾಲೇ ಹರೀತಾವ. ಬಿಸಲು ಏರಿದಂಗ ಬರ್ಫ ಕರಗಿ ಮಧ್ಯಾಹ್ನಕ್ಕ ತುಂಬತಾವ ಅಂತ ಡ್ರೈವರ್ ನಮ್ಮನ್ನ ನಸುಕಿನ್ಯಾಗ 4 ಗಂಟೆಕ್ಕ ಎಬ್ಬಿಸಿದ್ದ.

ಆದರ ನಿನಗ ಹೇಳಬೇಕಾದದ್ದು ಗುಡ್ಡ ದಾಟಿ ಸ್ಪಿತಿಗೆ ಇಳಿಯೂ ಕುಂಜುಮ್ ಘಾಟಿನ ಮಾತು. 4,500 ಮೀಟರಿಗೂ ಮ್ಯಾಲ. ನಾಕ ಹೆಜ್ಜಿ ಇಟ್ಟರ ಏದುಸಿರು. ಅಲ್ಲಿಯ ದೇವಿ ಗುಡಿಗೆ ಸುತ್ತು ಹಾಕೇ ಗಾಡಿ ಮುಂದ ಹೋಗತಾವ. ಆ ಗುಡ್ಡದ ಬೆನ್ನಿನ ಮ್ಯಾಲ ಗೇಣು ಅಂತರದಾಗ ಬಿದ್ದ ಬರ್ಫದ ಹಾದಿ ಬ್ಯಾರೆ ಬ್ಯಾರೆ. ಪಡುವಣಕ್ಕ ಇಳಿದದ್ದು ಚಂದ್ರಾ ನದಿಗೆ. ಅದು ತಾಂಡಿಯೊಳಗ ಭಾಗಾ ನದೀನ್ನ ಕೂಡಿ ಚಿನಾಬ್ ಆಗತೈತಿ. ಮೂಡಣಕ್ಕ ಇಳಿದದ್ದು ಸ್ಪಿತಿ ನದಿಗೆ, ಖಾಬ್ ಹತ್ತರ ಸಟ್ಲೆಜ್‌ಗೆ. ನೂರಾರು ಮೈಲು ದೂರಾದ ಆ ಎರಡು ನೀರು ಪಾಕಿಸ್ತಾನದಾಗ ಪಂಜನದ್ ಅನ್ನೂ ನದಿಯಾಗಿ ಮತ್ತ ಒಂದಾಗಿ ಸಿಂಧೂಗೆ ಸೇರತಾವ.

ನಿಂತಲ್ಲೇ ನನಗ ನಿಮ್ಮೂರು ನೆನಪಾತು. ಮಲಪ್ರಭಾ, ಮಹದಾಯಿ ಎರಡೂ ನಿಮ್ಮ ತಾಲೂಕಿನ ಮಳಿಯಾಗೇ ಹುಟ್ಟತಾವ. ಕಣಕುಂಬಿಯಾಗ ಹುಟ್ಟಿದ ಮಲಪ್ರಭಾ ನೀರು ಕೂಡಲಸಂಗಮದಾಗ ಕೃಷ್ಣೆ ಕೂಡಿ ಬಂಗಾಳ ಕೊಲ್ಲಿಗೆ. ಮಹದಾಯಿ ಗೋವಾಕ್ಕಿಳಿದು ಅರಬ್ಬಿ ಸಮುದ್ರಕ್ಕ. ಕುಂಜುಮಿನ ನೀರು ಕೂಡಿದಂಗ ಇವು ಹಾದಿಯೊಳಗ ಮತ್ತ ಭೆಟ್ಟಿ ಆಗಂಗಿಲ್ಲ. ಇಷ್ಟು ವರ್ಷ ನಿಮ್ಮನಿಗೆ ಬಂದು ಉಂಡು ಹೋದೆ, ನೀರು ಒಡೆಯೂ ಆ ಗುಡ್ಡ ಒಮ್ಮೆಯೂ ನೋಡಲಿಲ್ಲ ನಾ.

ಮಳಿ ಒಂದೀಟು ಇಳದ ಮ್ಯಾಲ ಪತ್ರಾ ಹಾಕು. ಕೊಡಿ ಹಿಡಕೊಂಡ ಬರ್ತೀನಿ, ಕಣಕುಂಬಿ ಗುಡ್ಡಾ ಹತ್ತೂಣು. ಅವ್ವಗ ನಮಸ್ಕಾರ ಹೇಳು, ಇಂಡಿ ನಿಂಬಿಹಣ್ಣು ಮರೀದ ತರ್ತೀನಿ ಅಂತನೂ ಹೇಳು.

ನಿನ್ನ ದೋಸ್ತ