ರಾಡಾರಿಗೆ ಕಾಣದ ಬೂದಿ

ಮಾನ್ಯರೇ,

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದು, ಬೂದಿ ಯೆಮನ್, ಒಮಾನ್ ದಾಟಿ ಉತ್ತರ ಭಾರತದವರೆಗೂ ತೇಲಿಬಂದಾಗ ಹಲವು ವಿಮಾನಗಳು ರದ್ದಾದವು. ಪೈಲಟ್ ರಾಡಾರ್ ನೋಡಿಕೊಂಡು ಪಕ್ಕಕ್ಕೆ ಸರಿಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ವಿಮಾನದ ರಾಡಾರ್ ಹುಡುಕುವುದು ಮಳೆಹನಿಯನ್ನು. ದೂರ ತೇಲಿಬಂದ ಬೂದಿಯ ಕಣ ತೀರಾ ಸಣ್ಣದು, ಒಣಗಿದ್ದು. ಪರದೆಯ ಮೇಲೆ ಮೂಡುವುದೇ ಇಲ್ಲ. ರಾತ್ರಿಯಂತೂ ಕಣ್ಣಿಗೂ ಕಾಣದು.

ಇದು ಒಲೆಯ ಬೂದಿಯಲ್ಲ, ಗಾಜು ಮತ್ತು ಕಲ್ಲಿನ ಪುಡಿ. ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಜೆಟ್ ಎಂಜಿನ್ನಿನ ದಹನಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಶಾಖವಿರುತ್ತದೆ. ಕರಗಿದ ಗಾಜು ಟರ್ಬೈನಿನ ಅಲಗುಗಳಿಗೆ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ, ಎಂಜಿನ್ ಆರುತ್ತದೆ.

1989ರ ಡಿಸೆಂಬರ್ 15ರಂದು ಅಲಾಸ್ಕಾದ ರಿಡೌಟ್ ಜ್ವಾಲಾಮುಖಿಯ ಬೂದಿಗೆ ಸಿಕ್ಕ ಕೆಎಲ್ಎಂ ಸಂಸ್ಥೆಯ ಬೋಯಿಂಗ್ 747 ವಿಮಾನ, ಮೇಲಕ್ಕೇರಿ ಪಾರಾಗಲು ಪೂರ್ತಿ ಥ್ರಸ್ಟ್ (ಎಂಜಿನ್ ಮುಂದಕ್ಕೆ ತಳ್ಳುವ ಬಲ) ಬಳಸಿತು. ನಾಲ್ಕೂ ಎಂಜಿನ್ ನಿಂತುಹೋದವು. ಥ್ರಸ್ಟ್ ಹೆಚ್ಚಿದಷ್ಟೂ ಶಾಖ ಹೆಚ್ಚು, ಒಳಗೆ ಹೋಗುವ ಬೂದಿಯೂ ಹೆಚ್ಚು. ಹಾಗಾಗಿ ಈಗಿನ ಪಾಠವೇ ಬೇರೆ. ಮುಂಗಾಜಿನ ಮೇಲೆ ನೀಲಿ ಕಿಡಿಗಳು ಹರಿದರೆ, ಕ್ಯಾಬಿನ್‌ನಲ್ಲಿ ಗಂಧಕದ ವಾಸನೆ ಬಂದರೆ, ಥ್ರಸ್ಟನ್ನು ತಾನೇ ಹೊಂದಿಸುವ ಆಟೋ ಥ್ರಾಟಲ್ ಬಿಡಿಸಿ, ಎತ್ತರ ಸಾಕಷ್ಟಿದ್ದರೆ ಥ್ರಸ್ಟನ್ನು ಐಡಲ್‌ಗೆ (ಕನಿಷ್ಠ ಮಟ್ಟಕ್ಕೆ) ಇಳಿಸಬೇಕು. ಬಂದ ದಾರಿಗೇ 180 ಡಿಗ್ರಿ ತಿರುಗಬೇಕು: ಮುಂದೆ ಬೂದಿ ಎಷ್ಟು ದೂರವಿದೆಯೋ ಗೊತ್ತಿರುವುದಿಲ್ಲ, ಹಿಂದೆ ಇಲ್ಲವೆಂಬುದು ಗೊತ್ತು. ಆಮ್ಲಜನಕದ ಮುಖವಾಡ ತೊಡಬೇಕು. ಇಂಧನಕ್ಕೆ ಕಿಡಿ ಹೊತ್ತಿಸುವ ಇಗ್ನಿಷನ್, ಎಂಜಿನ್ನಿಗೆ ಮಂಜುಗಟ್ಟದಂತೆ ತಡೆಯುವ ಆ್ಯಂಟಿ-ಐಸ್ ಹಾಕಬೇಕು. ಇಲ್ಲಿ ಆ್ಯಂಟಿ-ಐಸ್ ಮಂಜಿಗಾಗಿ ಅಲ್ಲ; ಅದು ಎಂಜಿನ್ನಿನೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರಿನಿಂದ ಗಾಳಿ ಹೊರತೆಗೆದರೆ ಸರ್ಜ್ (ಗಾಳಿಯ ಹರಿವು ಕೆಟ್ಟು ಹಿಮ್ಮುಖವಾಗುವುದು) ಆಗುವ ಅಪಾಯ ತಗ್ಗುತ್ತದೆ. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ನಳಿಗೆ ಬೂದಿಯಿಂದ ಕಟ್ಟಿಕೊಂಡರೆ ವೇಗಮಾಪಕ ಸುಳ್ಳು ಹೇಳುತ್ತದೆ. ಆಗ ಮೂತಿಯ ಕೋನ ಮತ್ತು ಥ್ರಸ್ಟ್ ನೋಡಿಯೇ ಹಾರಿಸಬೇಕು.

ನಿಂತ ಎಂಜಿನ್ ತಣ್ಣಗಾದಾಗ ಗಾಜು ಸಿಡಿದು ಕಳಚಿಕೊಳ್ಳುತ್ತದೆ, ಶುದ್ಧ ಗಾಳಿಯಲ್ಲಿ ಮತ್ತೆ ಚಾಲೂ ಆಗಬಹುದು. 1982ರಲ್ಲಿ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬಳಿ ಬ್ರಿಟಿಷ್ ಏರ್‌ವೇಸ್ ವಿಮಾನ ಉಳಿದದ್ದು ಹೀಗೆ. ಆದರೂ ಬೂದಿ ಉಜ್ಜಿದ ಮುಂಗಾಜಿನಲ್ಲಿ ರನ್‌ವೇ ಸರಿಯಾಗಿ ಕಾಣದೆಯೇ ಇಳಿಯಬೇಕಾಯಿತು.

ಆದ್ದರಿಂದ ಬೂದಿಯನ್ನು ನಿಜವಾಗಿ ತಪ್ಪಿಸುವುದು ಹೊರಡುವ ಮುನ್ನವೇ. ಜಗತ್ತಿನ ಒಂಬತ್ತು ಜ್ವಾಲಾಮುಖಿ ಬೂದಿ ಸಲಹಾ ಕೇಂದ್ರಗಳು ಬೂದಿ ಎಲ್ಲಿ, ಯಾವ ಎತ್ತರದಲ್ಲಿದೆ ಎಂದು ಸಾಮಾನ್ಯವಾಗಿ ಆರು ಗಂಟೆಗೊಮ್ಮೆ ತಿಳಿಸುತ್ತವೆ. ಹೈಲಿ ಗುಬ್ಬಿಯ ಬಗ್ಗೆ ಎಚ್ಚರಿಸಿದ್ದು ಫ್ರಾನ್ಸಿನ ಟೂಲೂಸ್ ಕೇಂದ್ರ. ಅದನ್ನು ನೋಡಿಯೇ ಮಾರ್ಗ, ಎತ್ತರ, ಸುತ್ತುದಾರಿಗೆ ಬೇಕಾದ ಇಂಧನ ತೀರ್ಮಾನವಾಗುತ್ತವೆ.

ವಿಮಾನಯಾನ ಸಂಸ್ಥೆಗಳಲ್ಲಿ ನಮ್ಮ ವಿನಂತಿ ಇಷ್ಟೇ: ‘ಕಾರ್ಯಾಚರಣೆಯ ಕಾರಣ’ ಎಂಬ ಒಂದು ಸಾಲಿನ ಸಂದೇಶ ಸಾಲದು. ಬೂದಿ ಯಾವ ಮಾರ್ಗದಲ್ಲಿದೆ, ಮುಂದಿನ ಮುನ್ಸೂಚನೆ ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನೂ ಪ್ರಯಾಣಿಕರಿಗೆ ತಿಳಿಸಿ.

– ವಿಮಾನ ನಿರ್ವಹಣಾ ಎಂಜಿನಿಯರುಗಳು, ಬೆಂಗಳೂರು