ಬಿಟ್ಟ ಪುಟದ ಬಗ್ಗೆಯೂ ಮಾತಾಡೋಣ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಕಡೆ ಒಂದು ಪುಸ್ತಕದ ಕಾರ್ಯಕ್ರಮಕ್ಕೆ ಹೋಗಿದ್ದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಮಾತು. ಭಾಷಣವೆಲ್ಲ ಮುಗಿದ ಮೇಲೆ, ಓದಿದವರು ತಮ್ಮ ಅನುಭವ ಹೇಳಬಹುದು ಎಂದರು. ನಾನು ಎದ್ದು ನಿಂತು, ‘ಈ ಕಾದಂಬರಿಯನ್ನು ನಾನು ಎರಡು ಸಲ ನಡುವೆಯೇ ಬಿಟ್ಟಿದ್ದೆ’ ಎಂದೆ. ಮುಂದಿನ ಮಾತು ಬರುವ ಮೊದಲೇ ವೇದಿಕೆಯಲ್ಲಿದ್ದ ಒಬ್ಬರು, ‘ಅಂಥ ದೊಡ್ಡವರ ಕೃತಿ ಬಗ್ಗೆ ಹಾಗೆಲ್ಲ ಹೇಳಬಾರದಮ್ಮ, ಅರ್ಥ ಆಗದಿದ್ದರೆ ಇನ್ನೊಮ್ಮೆ ಓದಿ’ ಎಂದು ಮೈಕನ್ನು ಪಕ್ಕದವರಿಗೆ ಕೊಡಿಸಿದರು. ಅವರು ‘ಅದ್ಭುತ ಕೃತಿ’ ಎಂದು ಕೂತರು. ನನ್ನ ಮಾತು ಗಂಟಲಲ್ಲೇ ಉಳಿಯಿತು. ಅದನ್ನು ಇಲ್ಲಿ ಪೂರ್ತಿ ಹೇಳಲು ಈ ಪತ್ರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಯವಳು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮದುವೆಯಾಗಿ ಈ ಮನೆಗೆ ಬಂದದ್ದು 1984ರಲ್ಲಿ. ‘ಮದುಮಗಳು’ 1967ರಲ್ಲಿ ಬಂದ ಪುಸ್ತಕ, ಸುಮಾರು 700 ಪುಟ. ಮೊದಲ ಸಲ ಕೈಗೆತ್ತಿಕೊಂಡಾಗ ನೂರು ಪುಟವೂ ದಾಟಲಿಲ್ಲ. ಎಷ್ಟೊಂದು ಜನ, ಎಷ್ಟೊಂದು ಮನೆ! ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಕಲ್ಲೂರು. ಯಾರು ಯಾವ ಮನೆಯವರು ಅಂತ ನೆನಪಿಡುವುದರಲ್ಲೇ ಕತೆ ಕೈತಪ್ಪಿ ಹೋಗುತ್ತಿತ್ತು. ಎರಡನೇ ಸಲವೂ ಅದೇ ಆಯಿತು. ನನಗೆ ಬುದ್ಧಿ ಸಾಲದು ಅಂದುಕೊಂಡು ಪುಸ್ತಕವನ್ನು ಮೇಲಿನ ಹಲಗೆಗೆ ಇಟ್ಟೆ.

ಅದನ್ನು ಕೆಳಗಿಳಿಸಿದ್ದು ಅಡಿಕೆ ಸುಲಿಯುವ ಕಾಲ. ನಮ್ಮದು ಬೇಯಿಸುವ ಅಡಿಕೆ. ಹಸಿಗಾಯಿಯನ್ನೇ ಕೊಯ್ದು, ಸುಲಿದು, ಚೊಗರಲ್ಲಿ, ಅಂದರೆ ಅಡಿಕೆಯದ್ದೇ ಒಗರು ರಸದಲ್ಲಿ, ಬೇಯಿಸಿ ಒಣಗಿಸುವುದು. ಕೊಯ್ದದ್ದನ್ನು ಜಾಸ್ತಿ ದಿನ ಇಡುವ ಹಾಗಿಲ್ಲ. ಈಗ ಸುಲಿಯುವ ಯಂತ್ರ ಬಂದಿದೆ, ಆಗ ಎಲ್ಲವೂ ಮೆಟ್ಟುಗತ್ತಿಯ ಮೇಲೆ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂರುತ್ತಿದ್ದರು. ನಿದ್ದೆ ಬರಬಾರದಲ್ವಾ, ಅದಕ್ಕೆ ಹಾಡು, ಕತೆ, ಊರ ಸುದ್ದಿ. ಒಂದು ರಾತ್ರಿ ಅತ್ತೆ, ‘ನೀನು ಓದೋದನ್ನೇ ಗಟ್ಟಿಯಾಗಿ ಓದು, ನಿನ್ನ ಪಾಲಿನದ್ದು ನಾನು ಸುಲಿತೇನೆ’ ಎಂದರು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಅವತ್ತಿನಿಂದ ಓದುವ ರಾತ್ರಿ ನನಗೆ ಕತ್ತಿ ಇಲ್ಲ.

ಗಟ್ಟಿಯಾಗಿ ಓದಿದಾಗ ಅದೇ ಕಾದಂಬರಿ ಬೇರೆಯೇ ಆಯಿತು. ನಾಯಿಗುತ್ತಿಯ ಮಾತು, ಐತ ಪೀಂಚಲು ಆಡುವ ಮಾತು ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತವೆ. ನನಗೆ ತೊಡಕಾಗಿದ್ದ ಮನೆಗಳ ಲೆಕ್ಕ ಅಲ್ಲಿ ಕೂತವರಿಗೆ ತೊಡಕೇ ಆಗಲಿಲ್ಲ. ‘ಗುತ್ತಿ ಸಿಂಬಾವಿಯವನು, ತಿಮ್ಮಿ ಬೆಟ್ಟಳ್ಳಿಯವಳು, ಚಿನ್ನಮ್ಮ ಹೂವಳ್ಳಿ ಮನೆಯವಳು’ ಎಂದು ಅವರೇ ನನ್ನನ್ನು ತಿದ್ದುತ್ತಿದ್ದರು. ನೆಂಟಸ್ತಿಕೆ ಲೆಕ್ಕ ಹಾಕಿಯೇ ಬದುಕಿದವರು ಅವರು. ನಾನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಗಳನ್ನೆಲ್ಲ ಬರೆದು ಗೆರೆ ಎಳೆದು ಗೋಡೆಗೆ ಅಂಟಿಸಿದೆ. ಗುತ್ತಿಯ ನಾಯಿ ‘ಹುಲಿಯ’ ತುಂಗಾ ಹೊಳೆಯಲ್ಲಿ ಕೊಚ್ಚಿಹೋಗುವ ಭಾಗ ಓದಿದ ರಾತ್ರಿ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬಾಕೆ, ‘ನಾಯೀನ ಹೊಳೆಗೆ ಕೊಡಬಾರದಿತ್ತು. ಬರೆದವರ ಕೈಲೇ ಇತ್ತಲ್ಲ, ಉಳಿಸಬಹುದಿತ್ತು’ ಎಂದಳು. ಇಂದಿಗೂ ಆಗುಂಬೆ ಬಸ್ಸಿನಲ್ಲಿ, ಕಾದಂಬರಿಯಲ್ಲೂ ಬರುವ ಮೇಗರವಳ್ಳಿ ಬಂದರೆ ನನಗೆ ಮೊದಲು ನೆನಪಾಗುವುದು ಆಕೆಯ ಆ ಮಾತು.

ಕಾರ್ಯಕ್ರಮದಲ್ಲಿ ನಾನು ಹೇಳಬೇಕೆಂದಿದ್ದು ಇಷ್ಟೇ. ನೂರು ಪುಟಕ್ಕೇ ನಿಂತುಹೋದವರು ಯಾರಾದರೂ ಅಲ್ಲಿ ಕೂತಿದ್ದರೆ, ಗಟ್ಟಿಯಾಗಿ ಓದಿ ನೋಡಿ, ಮನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ ಎಂದು ಹೇಳುವವಳಿದ್ದೆ. ನಾನು ಬಿಟ್ಟಿದ್ದೆ ಎಂದು ಮೊದಲು ಒಪ್ಪಿಕೊಳ್ಳದೆ ಈ ಮಾತು ಹೇಳುವುದು ಹೇಗೆ? ಎಲ್ಲರೂ ‘ಅದ್ಭುತ’ ಎನ್ನುವ ಜಾಗದಲ್ಲಿ ಬಿಟ್ಟವರು ಬಾಯಿ ಬಿಡುವುದಿಲ್ಲ. ಸುಮ್ನೆ ಮನೆಗೆ ಹೋಗುತ್ತಾರೆ. ಆ ಪುಸ್ತಕ ಅವರ ಪಾಲಿಗೆ ಮತ್ತೆ ತೆರೆಯುವುದಿಲ್ಲ.

ಒಪ್ಪದ ಮಾತು ಆಡಿದರೆ ಪುಸ್ತಕಕ್ಕೆ ಅವಮಾನ ಎಂದು ನನಗೆ ಯಾವತ್ತೂ ಅನಿಸಿಲ್ಲ. ಇದನ್ನು ನನಗೆ ಕಲಿಸಿದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಮತ್ತು ಅದನ್ನು ಕೇಳಿಸಿಕೊಂಡ ನಮ್ಮತ್ತೆ. ಇಂದಿರಾ ನಮ್ಮ ತೀರ್ಥಹಳ್ಳಿಯಲ್ಲೇ 1917ರಲ್ಲಿ ಹುಟ್ಟಿದವರು. ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ನಲವತ್ತೈದು ದಾಟಿದ ಮೇಲೆ ಒಬ್ಬ ಹೆಂಗಸು ಕಾದಂಬರಿಕಾರ್ತಿ ಆಗಬಹುದು ಎನ್ನುವುದೇ ನನಗೆ ಆಗ ದೊಡ್ಡ ಸುದ್ದಿ. ‘ಫಣಿಯಮ್ಮ’ 1976ರದ್ದು. ಸಣ್ಣ ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕಡೆಯವರೆಗೂ ಯಾರನ್ನೂ ಬೈಯದೆ ಬದುಕಿದವಳ ಕತೆ. ಅದರಲ್ಲಿ ದಾಕ್ಷಾಯಣಿ ಎಂಬ ಇನ್ನೊಬ್ಬ ಹುಡುಗಿ ಬರುತ್ತಾಳೆ. ಗಂಡ ಸತ್ತ ಮೇಲೆ ತಲೆ ಬೋಳಿಸಲು ಒಪ್ಪುವುದಿಲ್ಲ. ಮನೆಯವರೆಲ್ಲ ಎದುರು ನಿಂತಾಗ ಫಣಿಯಮ್ಮ ಆ ಹುಡುಗಿಯ ಪರ ಮಾತಾಡುತ್ತಾಳೆ.

ಆ ಭಾಗ ಓದುವಾಗ ಅತ್ತೆ ಕತ್ತಿ ಬಿಟ್ಟು ಎದ್ದು ಬಂದರು. ಪುಟದ ಮೇಲೆ ಕೈಯಿಟ್ಟರು. ‘ನಿಲ್ಸು. ಇನ್ನೊಂದ್ಸಲ ಓದು’ ಎಂದರು. ಓದಿದೆ. ಮತ್ತೆ ಓದು ಎಂದರು. ಆಮೇಲೆ ಹೇಳಿದರು: ಅವರ ತವರಿನಲ್ಲಿ ಒಬ್ಬ ಸೋದರತ್ತೆ ಇದ್ದರಂತೆ. ಕೆಂಪು ಸೀರೆ, ಬೋಳುತಲೆ. ಮಕ್ಕಳು ಅವರ ತಲೆ ಮುಟ್ಟಲು ಹೋದರೆ ಸೆರಗು ಎಳೆದುಕೊಳ್ಳುತ್ತಿದ್ದರಂತೆ. ‘ಎಲ್ಲರೂ ಫಣಿಯಮ್ಮನ ಸಹನೆ ದೊಡ್ಡದು ಅಂತಾರೆ. ಇರಬಹುದು. ದಾಕ್ಷಾಯಣಿ ಅಂಥವಳು ಒಬ್ಬಳು ನಮ್ಮನೇಲಿ ಮೊದಲೇ ಹುಟ್ಟಿದ್ದರೆ ನಮ್ಮ ಸೋದರತ್ತೆ ಕೂದಲು ಉಳೀತಿತ್ತು. ನನಗೆ ಆ ಹುಡುಗಿಯೇ ಇಷ್ಟ.’

ಪಕ್ಕದಲ್ಲಿ ಸುಲಿಯುತ್ತಿದ್ದಾಕೆ ಒಪ್ಪಲಿಲ್ಲ. ‘ಎದುರು ಮಾತಾಡೋಕೆ ಎಲ್ಲರಿಗೂ ಆಗುತ್ತಾ ಅಮ್ಮಾ? ಉಣ್ಣೋ ಅನ್ನ ಯಾರ ಕೈಲಿದೆ ಅಂತ ನೋಡಬೇಕು. ಫಣಿಯಮ್ಮ ಬಾಯಿ ಮುಚ್ಚಿಕೊಂಡು ಬದುಕಿ ಉಳಿದಳು. ಉಳಿದದ್ದಕ್ಕೇ ಅಲ್ವಾ ಆಮೇಲೆ ಈ ಹುಡುಗಿ ಪರ ನಿಂತದ್ದು’ ಎಂದಳು. ವಾದ ಅವತ್ತು ಮುಗಿಯಲಿಲ್ಲ, ಮಾರನೇ ರಾತ್ರಿಗೂ ಬಂತು. ಇಬ್ಬರಲ್ಲಿ ಯಾರ ಮಾತು ಸರಿ ಎಂದು ನನಗೆ ಈಗಲೂ ತೀರ್ಮಾನ ಮಾಡಲು ಆಗಿಲ್ಲ. ಒಂದೊಂದು ವಯಸ್ಸಿನಲ್ಲಿ ಒಂದೊಂದು ಸರಿ ಅನಿಸಿದೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಕಡೆ ಇದ್ದೆ, ಈಗೀಗ ಆ ಪಕ್ಕದಾಕೆಯ ಕಡೆ ವಾಲುತ್ತಿದ್ದೇನೆ.

ಆ ಪ್ರತಿ ನನ್ನ ಹತ್ತಿರ ಇದೆ. ದಾಕ್ಷಾಯಣಿಯ ಪುಟದಲ್ಲಿ ಅತ್ತೆಯ ಹೆಬ್ಬೆರಳಿನ ಚೊಗರಿನ ಗುರುತು ಉಳಿದಿದೆ. ಕಪ್ಪಾಗಿದ್ದದ್ದು ಈಗ ಕಾಫಿ ಬಣ್ಣಕ್ಕೆ ತಿರುಗಿದೆ. ಚೊಗರು ಬಟ್ಟೆಯಿಂದಲೇ ಹೋಗುವುದಿಲ್ಲ, ಇನ್ನು ಕಾಗದದಿಂದ ಎಲ್ಲಿ ಹೋಗುತ್ತದೆ? ಅತ್ತೆ ತೀರಿಕೊಂಡು ಹದಿನಾಲ್ಕು ವರ್ಷವಾಯಿತು.

ಸಂಪಾದಕರೇ, ನಿಮ್ಮ ಭಾನುವಾರದ ಪುಟದಲ್ಲಿ ಹೊಸ ಪುಸ್ತಕಗಳ ಪರಿಚಯ ತಪ್ಪದೆ ಓದುತ್ತೇನೆ. ಪುಟ ಎಷ್ಟು, ಬೆಲೆ ಎಷ್ಟು, ಪ್ರಕಾಶಕರು ಯಾರು ಎಲ್ಲ ಇರುತ್ತದೆ, ನನ್ನಂಥವರಿಗೆ ಉಪಯೋಗವೂ ಆಗಿದೆ. ಅದರ ಪಕ್ಕದಲ್ಲಿ ಓದುಗರಿಗೆ ಒಂದು ಸಣ್ಣ ಜಾಗ ಕೊಡಿ. ಹೊಸ ಪುಸ್ತಕವೇ ಆಗಬೇಕೆಂದಿಲ್ಲ. ಯಾವ ಪುಟದಲ್ಲಿ ನಿಂತೆ, ಯಾವ ಪುಟವನ್ನು ಎರಡು ಸಲ ಓದಿದೆ, ಯಾವ ಪಾತ್ರದ ಜತೆ ಜಗಳವಾಡಿದೆ, ಇಷ್ಟನ್ನೇ ಬರೆಯಲಿ. ಮೇಷ್ಟ್ರುಗಳು, ವಿಮರ್ಶಕರು ಬರೆಯುವುದಕ್ಕೆ ಜಾಗ ಇದ್ದೇ ಇದೆ. ಇದು ತೋಟದವರಿಗೆ, ಬಸ್ಸಿನಲ್ಲಿ ಓದುವವರಿಗೆ, ಪಕ್ಕದ ಮನೆಯಿಂದ ಪುಸ್ತಕ ಇಸಕೊಂಡು ಓದುವವರಿಗೆ ಇರಲಿ. ಇಷ್ಟವಾಗಲಿಲ್ಲ ಎಂದು ಬರೆದವರದ್ದನ್ನೂ ಹಾಕಿ. ಆದರೆ ಯಾಕೆ ಇಷ್ಟವಾಗಲಿಲ್ಲ ಎಂದು ಅವರು ಹೇಳಲೇಬೇಕು, ಅಷ್ಟು ಮಾತ್ರ ಕಟ್ಟುನಿಟ್ಟಾಗಿರಲಿ. ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ಅಲ್ಲೂ ತಿಂಗಳಿಗೊಮ್ಮೆ ಹೀಗೆ ಕೂತು ಮಾತಾಡಬಹುದು. ಕುರ್ಚಿ ಇದೆ, ಪತ್ರಿಕೆ ಇದೆ, ಇನ್ನೇನು ಬೇಕು.

ನಾನು ಶುರು ಮಾಡಿಬಿಟ್ಟಿದ್ದೇನೆ. ಈಗ ನಮ್ಮ ಜಗಲಿಯಲ್ಲಿ ನಾವು ನಾಲ್ಕೇ ಜನ. ಸಾಗರದ ನಾ. ಡಿಸೋಜ ಅವರ ‘ದ್ವೀಪ’ ಓದುತ್ತಿದ್ದೇವೆ, ಶರಾವತಿಯ ಮುಳುಗಡೆಯ ಕತೆ. ನಮ್ಮ ಕೇರಿಯಲ್ಲಿ ಒಬ್ಬ ಹಿರಿಯಾಕೆ ಇದ್ದಾರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯುವ ಹೊತ್ತಿಗೆ ಅಪ್ಪ ಅಮ್ಮನ ಜತೆ ಊರು ಬಿಟ್ಟು ಬಂದವರು. ಅವರನ್ನೂ ಕರೆದೆ. ‘ನನಗೆ ಬೇಡ ಮಾರಾಯ್ತಿ, ನೋಡಿದ್ದೇ ಸಾಕು, ಇನ್ನು ಕೇಳಬೇಕಾ’ ಎಂದರು. ಅದೂ ಒಬ್ಬ ಓದುಗಿತ್ತಿಯ ಅಭಿಪ್ರಾಯವೇ ಎಂದುಕೊಂಡು ನಾನು ಒತ್ತಾಯ ಮಾಡಲಿಲ್ಲ.

ಮೂರು ದಿನ ಬಿಟ್ಟು ಸಂಜೆ ಮಳೆಯಲ್ಲಿ ಕೊಡೆ ಹಿಡಿದು ಅವರೇ ಬಂದರು. ಒಳಗೆ ಬರಲಿಲ್ಲ. ಮೆಟ್ಟಿಲಲ್ಲೇ ನಿಂತು ಕೇಳಿದರು: ‘ನೀರು ಬಂದಾಗ ದನಗಳನ್ನ ಏನು ಮಾಡಿದರು ಅಂತ ಅದರಲ್ಲಿ ಬರೆದಿದ್ದಾರಾ?’

ನಾವು ಇನ್ನೂ ಮೊದಲ ಪುಟಗಳಲ್ಲೇ ಇದ್ದೇವೆ, ಕೂತ್ಕೊಳ್ಳಿ, ನೋಡೋಣ ಎಂದೆ. ಕೊಡೆ ಮಡಚಿ ಬಾಗಿಲ ಪಕ್ಕ ಒರಗಿಸಿದರು.

ಇತಿ,
ಅಡಿಕೆ ತೋಟದ ಮನೆಯ ಓದುಗಿತ್ತಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ