ಮಗಳಿಗೊಂದು ಪತ್ರ: ಇಪ್ಪತ್ತರ ಅಳತೆಗೆ ಸಿಗದವರು

ಬೆಳಗಾವಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಂಪ್ಯೂಟರ್ ಆಟದಲ್ಲಿ, ಇಂಗ್ಲೆಂಡಿನ ಆರನೆಯ ದರ್ಜೆಯಲ್ಲಿದ್ದ ನಿನ್ನ ಫುಟ್‌ಬಾಲ್ ತಂಡವನ್ನು ಮೂರನೆಯ ದರ್ಜೆಗೆ ಏರಿಸಿದ ಸುದ್ದಿಯನ್ನು ಮೊನ್ನೆ ಧಾರವಾಡದಿಂದ ಫೋನ್ ಮಾಡಿ ಹೇಳಿದಾಗ, ಪರೀಕ್ಷೆಯ ಫಲಿತಾಂಶ ತಿಳಿಸುವಾಗಲೂ ಇರದ ಉತ್ಸಾಹ ನಿನ್ನ ದನಿಯಲ್ಲಿತ್ತು. ನಿಮ್ಮವ್ವ ಅದಕ್ಕೆ ಬೇಸರಪಟ್ಟಳು. ನನಗೆ ಬೇಸರವಾಗಲಿಲ್ಲ, ಆದರೆ ಹೇಳಬೇಕಾದ ಮಾತೊಂದು ಉಳಿದಿದೆ.

‘ಫುಟ್‌ಬಾಲ್ ಮ್ಯಾನೇಜರ್’ ನಿನ್ನನ್ನು ಏಕೆ ಹಿಡಿದಿಟ್ಟಿದೆ ಎಂಬುದು ನನಗೆ ಅರ್ಥವಾಗುತ್ತದೆ. ಚೆಂಡನ್ನು ಒದೆಯುವ ಅವಕಾಶವೇ ಇಲ್ಲದ ಆಟ ಅದು. ಆಟಗಾರರನ್ನು ಆರಿಸಿ, ಸಂಬಳದ ಮಿತಿ ಕಾಯ್ದು, ತರಬೇತಿಯ ವೇಳಾಪಟ್ಟಿ ಹಾಕಿ, ಎದುರಾಳಿಗೆ ತಕ್ಕಂತೆ ವ್ಯೂಹ ಬದಲಿಸಿದ ಮೇಲೆ, ಪಂದ್ಯ ಶುರುವಾದಾಗ ಗೆರೆಯಾಚೆ ನಿಂತು ನೋಡುವುದೇ ಹೆಚ್ಚಿನ ಕೆಲಸ. ಪಾಲ್ ಮತ್ತು ಆಲಿವರ್ ಕೊಲಿಯರ್ ಎಂಬ ಸಹೋದರರು ಮನೆಯಲ್ಲೇ ಕೂತು ರೂಪಿಸಿದ ಇದರ ಮೂಲ ಆಟ, ‘ಚಾಂಪಿಯನ್‌ಶಿಪ್ ಮ್ಯಾನೇಜರ್’, 1992ರಲ್ಲಿ ಬಂದಾಗ ಪಂದ್ಯವೆಂದರೆ ಪರದೆಯ ಮೇಲೆ ಮೂಡುವ ಬರಹವಷ್ಟೇ ಆಗಿತ್ತು. ಆಗಲೂ ಜನ ಅದಕ್ಕೆ ಮನಸೋತರು. ತಾಳ್ಮೆಯಿಂದ ಕಟ್ಟಿದ್ದು ಫಲ ಕೊಡುವುದನ್ನು ನೋಡುವ ಸುಖ ದೊಡ್ಡದು, ಹದಿನೇಳು ವರ್ಷದವಳಿಗೆ ಅದು ಬೇರೆಲ್ಲಿಯೂ ಇಷ್ಟು ಬೇಗ ಸಿಗುವುದಿಲ್ಲ. 2025ರ ನವೆಂಬರಿನಲ್ಲಿ ಬಂದ ಆವೃತ್ತಿಯಲ್ಲಿ ಮಹಿಳೆಯರ ಫುಟ್‌ಬಾಲ್ ಮೊದಲ ಬಾರಿಗೆ ಸೇರಿದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸಂಗತಿ.

ಸಮಯದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ನಿನಗೇ ಗೊತ್ತು. ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನ ಒಂದು ಋತುವಿಗೇ 38 ಪಂದ್ಯ, ಅದರ ಮೇಲೆ ಕಪ್ ಪಂದ್ಯಗಳು. ಋತು ಮುಗಿದರೆ ಮತ್ತೊಂದು ಋತು. ‘ಕಂಟಿನ್ಯೂ’ ಗುಂಡಿ ನಿನ್ನನ್ನು ಎಂದೂ ಏಳು ಎನ್ನುವುದಿಲ್ಲ, ಆದ್ದರಿಂದ ನೀನೇ ಏಳಬೇಕು. ಸೋತ ಪಂದ್ಯವನ್ನು ಅಳಿಸಿ ಹಿಂದಿನ ಸೇವ್‌ನಿಂದ ಮತ್ತೆ ಆಡುವುದನ್ನೂ ಬಿಟ್ಟುಬಿಡು, ಸೋಲನ್ನು ಅನುಭವಿಸದ ಮ್ಯಾನೇಜರಿಗೆ ಗೆಲುವಿನ ರುಚಿಯೂ ತಿಳಿಯದು.

ನನ್ನನ್ನು ಕಾಡುತ್ತಿರುವುದು ಬೇರೆಯದು. ಕಳೆದ ರಜೆಯಲ್ಲಿ ನೀನು, ಇಲ್ಲಿನ ಲೇಲೆ ಮೈದಾನದಲ್ಲಿ ನಿನ್ನ ಜೊತೆ ಆಡುತ್ತಿದ್ದ ಕಿರಿಯ ಹುಡುಗಿಯನ್ನು ತೋರಿಸಿ, ‘ಇವಳ ವೇಗ ಹನ್ನೊಂದು, ಇದಕ್ಕಿಂತ ಮೇಲೆ ಹೋಗಲಿಕ್ಕಿಲ್ಲ’ ಎಂದೆ. ನಿನ್ನ ಆಟದಲ್ಲಿ ಪ್ರತಿ ಗುಣಕ್ಕೂ 1ರಿಂದ 20ರವರೆಗೆ ಅಂಕವಿದೆ. ಅದರ ಹಿಂದೆ, ಪ್ರತಿಯೊಬ್ಬರೂ ಎಷ್ಟು ಎತ್ತರಕ್ಕೆ ಬೆಳೆಯಬಲ್ಲರು ಎಂಬುದಕ್ಕೆ 200ರ ಅಳತೆಯಲ್ಲಿ ಮರೆಯಾದ ಇನ್ನೊಂದು ಅಂಕವಿದೆ. ಎಳೆಯ ಆಟಗಾರರಲ್ಲಿ ಕೆಲವರಿಗೆ ಆಟ ರೂಪಿಸಿದವರು ಒಂದು ವ್ಯಾಪ್ತಿಯನ್ನಷ್ಟೇ ಕೊಟ್ಟಿರುತ್ತಾರೆ, ಹೊಸ ಆಟ ಶುರುವಾಗುವಾಗ ಯಂತ್ರ ಅದರೊಳಗಿನ ಒಂದು ಸಂಖ್ಯೆಯನ್ನು ಎತ್ತಿಕೊಳ್ಳುತ್ತದೆ. ಒಂದೇ ಹುಡುಗ ನಿನ್ನ ಲ್ಯಾಪ್‌ಟಾಪಿನಲ್ಲಿ ಮಹಾನ್ ಆಟಗಾರನಾಗಿ, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಸಾಧಾರಣನಾಗಿ ಉಳಿಯಬಹುದು. ಆಟ ನಡೆಯಬೇಕಾದರೆ ಇಂಥ ವ್ಯವಸ್ಥೆ ಬೇಕೇ ಬೇಕು. ಆದರೆ ಮೈದಾನದಲ್ಲಿ ಅಂಥ ಸಂಖ್ಯೆ ಯಾರ ಬೆನ್ನ ಮೇಲೂ ಬರೆದಿಲ್ಲ.

14ನೆಯ ವಯಸ್ಸಿನಲ್ಲೇ, 2004ರಲ್ಲಿ, ಅಮೆರಿಕದ ಡಿ.ಸಿ. ಯುನೈಟೆಡ್ ಕ್ಲಬ್ ಪರ ಆಡಿದ ಫ್ರೆಡ್ಡಿ ಆಡು ಎಂಬಾತ ಈ ಆಟಗಳ ಪರದೆಯ ಮೇಲೆ ಜಗತ್ತನ್ನೇ ಗೆಲ್ಲುವ ಹುಡುಗನಾಗಿದ್ದ. ನಿಜ ಜೀವನದಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದ. ಇಂಗ್ಲೆಂಡಿನಲ್ಲಿ ಬೆಳೆದ ಆಟಗಾರ ಚೆರ್ನೊ ಸಾಂಬಾನ ಕಥೆಯೂ ಅಂಥದೇ. ಇತ್ತ ಇಂಗ್ಲೆಂಡಿನ ಜೇಮಿ ವಾರ್ಡಿ, ಪೆಟ್ಟಾದ ಕೈಕಾಲಿಗೆ ಕಟ್ಟುವ ಆಧಾರಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಲೇ ಸಣ್ಣ ತಂಡಗಳಲ್ಲಿ ಆಡಿ, 25ನೆಯ ವಯಸ್ಸಿನಲ್ಲಿ ಲೆಸ್ಟರ್ ಸಿಟಿ ಸೇರಿ, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ. ಅವನ ಇಪ್ಪತ್ತನೆಯ ವಯಸ್ಸಿನಲ್ಲಿ ಅವನಿಗೆ ಅಂಕ ಕೊಡುವವರು ಎಷ್ಟು ಕೊಡುತ್ತಿದ್ದರು, ಯೋಚಿಸು.

ಆ ಹುಡುಗಿ ಈಗಲೂ ದಿನಾ ಸಂಜೆ ಬರುತ್ತಾಳೆ. ಬಲಗಾಲಿನಲ್ಲಿ ಅವಳಿಗೆ ನಂಬಿಕೆಯಿಲ್ಲ, ಚೆಂಡು ಬಂದ ಕೂಡಲೇ ಎಡಕ್ಕೆ ತಿರುಗಿಬಿಡುತ್ತಾಳೆ, ಅದರಲ್ಲೇ ಅವಳ ವೇಗ ಕಳೆದುಹೋಗುತ್ತದೆ. ದೀಪಾವಳಿಗೆ ಬಂದಾಗ ಒಂದು ವಾರ ಅವಳೊಡನೆ ಅಭ್ಯಾಸ ಮಾಡು. ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಬಾ, ಗೋಲು ಹೊಡೆಯುತ್ತಿದ್ದ ಆ ಮುನ್ಪಡೆಯ ಆಟಗಾರನನ್ನು ನೀನು ಜನವರಿಯಲ್ಲೇ ಮಾರಿದ್ದೇಕೆಂದು ನನಗೆ ಇನ್ನೂ ತಿಳಿದಿಲ್ಲ.

ನಿನ್ನ
ಅಪ್ಪ